ಕಿಡ್ನಿ ಪಥ್ಯದವರಿಗೂ ಊಟ ಹಾಕುವ ವಿನೋಬನಗರದ ಮನೆ ಮೆಸ್

ವಿನೋಬನಗರದ ಒಳರಸ್ತೆಯಲ್ಲಿ ಒಂದು ಮನೆ ಮೆಸ್ ಇದೆ. ಬೋರ್ಡಿಲ್ಲ, ಗೇಟಿಗೆ ಕಟ್ಟಿದ ರಟ್ಟಿನ ಮೇಲೆ ‘ಊಟ ಇದೆ’ ಎಂದು ಬರೆದಿದ್ದಾರೆ, ಅಷ್ಟೇ. ಬೇರೆ ಗಿರಾಕಿಗಳನ್ನು ಕೇಳಿದರೆ ‘ರುಚಿ ಪರವಾಗಿಲ್ಲ, 80 ರೂಪಾಯಿಗೆ ಹೊಟ್ಟೆ ತುಂಬುತ್ತೆ’ ಅನ್ನಬಹುದು. ನಾನು ಬರೆಯುತ್ತಿರುವುದು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತಪರೀಕ್ಷೆ) ರಿಪೋರ್ಟು ಇಟ್ಟುಕೊಂಡು ಓಡಾಡುವವರಿಗೆ. ಶಿವಮೊಗ್ಗದಲ್ಲಿ ಮಧ್ಯಾಹ್ನ ಎಲ್ಲಿ ಉಣ್ಣುವುದು ಅಂತ ಅವರಿಗೇ ಗೊತ್ತಾಗುವುದಿಲ್ಲ.

ನಾನು ಸಾಗರ ರಸ್ತೆ ಕಡೆ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮನೆ ಹೊಸನಗರದ ಕಡೆ, ವಾರವಿಡೀ ಇಲ್ಲೇ ರೂಮು. ಬಿಪಿ ಹಳೇದು, ಅದರ ಬೆನ್ನಿಗೇ ಕಿಡ್ನಿ ತೊಂದರೆ ಬಂತು. ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತದೆ ಎಂದು ಹೇಳುವ ಜಿಎಫ್‌ಆರ್ ಈಗ 38. 30ರಿಂದ 59ರವರೆಗೆ ಕಿಡ್ನಿ ಕಾಯಿಲೆಯ ಮೂರನೇ ಹಂತ, ಅದರಲ್ಲೂ 45ಕ್ಕಿಂತ ಕೆಳಗಿನದು ‘3ಬಿ’. ಬೆಳಿಗ್ಗೆ ಮಾತ್ರೆ, ಮನೆಯಲ್ಲೇ ಬಿಪಿ ನೋಡಿ ಬರೆದಿಡುವುದು, ಡಾಕ್ಟರು ಹೇಳಿದಾಗ ರಕ್ತ ಮತ್ತು ಮೂತ್ರದ ಪರೀಕ್ಷೆ. ಇವೆಲ್ಲ ರೂಢಿಯಾಗಿಬಿಟ್ಟವು. ರೂಢಿಯಾಗದೇ ಸತಾಯಿಸಿದ್ದು ಮಧ್ಯಾಹ್ನದ ಊಟ.

ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು. ಟೀ ಚಮಚದಲ್ಲಿ ತಲೆ ಹೊಡೆದು ಅಳೆದರೆ ಒಂದೇ ಚಮಚ, ಅದರಲ್ಲೇ ಮೂರು ಹೊತ್ತೂ ಆಗಬೇಕು. ಹೋಟೆಲ್ ಊಟದಲ್ಲಿ ಸಾರು, ಹುಳಿ, ಪಲ್ಯ, ಮಜ್ಜಿಗೆ ಎಲ್ಲಕ್ಕೂ ಉಪ್ಪು ಬಿದ್ದಿರುತ್ತದೆ. ಹಪ್ಪಳಕ್ಕೆ ಉಪ್ಪು ಸಾಲದು ಅಂತ ಹಪ್ಪಳಖಾರ ಬೇರೆ, ಉಪ್ಪಿನಲ್ಲಿ ತೊಂದರೆ ಕೊಡುವ ಸೋಡಿಯಂ ಅದರಲ್ಲೂ ಇದೆ. ಇನ್ನು ಅಪ್ಪೆಮಿಡಿ ಉಪ್ಪಿನಕಾಯಿ. ಅದರ ವಿರುದ್ಧ ಬರೆದರೆ ಊರಿಗೆ ಹೋದಾಗ ಮನೆಯೊಳಗೆ ಸೇರಿಸುವುದಿಲ್ಲ, ಬಿಡಿ. ‘ಉಪ್ಪು ಕಮ್ಮಿ ಹಾಕಿ’ ಅಂದರೆ ದೊಡ್ಡ ಹೋಟೆಲುಗಳಲ್ಲಿ ತಲೆಯಾಡಿಸುತ್ತಾರೆ, ತರುವುದು ಅದೇ ಪಾತ್ರೆಯ ಸಾರು. ಅವರಾದರೂ ಏನು ಮಾಡುತ್ತಾರೆ? ಬೆಳಿಗ್ಗೆಯೇ ಎಲ್ಲ ಕುದಿಸಿ ಇಟ್ಟಾಗಿರುತ್ತದೆ.

ಈ ಮೆಸ್ಸಿನ ಅಕ್ಕ ಮಾಡುವುದು ಇಷ್ಟೇ. ಉಪ್ಪು ಹಾಕುವ ಮೊದಲು ಒಂದು ಬಟ್ಟಲು ಸಾರು, ಒಂದು ಬಟ್ಟಲು ಪಲ್ಯ ಎತ್ತಿಡುತ್ತಾರೆ. ಬಟ್ಟಲ ಮೇಲೆ ತಟ್ಟೆ ಮುಚ್ಚಿ, ಗುರುತಿಗೆ ಒಂದು ಕರಿಬೇವಿನ ಎಲೆ ಇಡುತ್ತಾರೆ. ಬಡಿಸುವಾಗ ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸಿನ ಒಗ್ಗರಣೆ ಬೇರೆಯಾಗಿ ಕೊಡುತ್ತಾರೆ. ಎಲೆ ತುದಿಗೆ ಒಂದು ಚಿಟಿಕೆ ಉಪ್ಪು. ಆ ಹೊತ್ತಿಗೆ ಅಷ್ಟೇ ನನ್ನ ಪಾಲು. ಎಲೆಗೆ ಮೊದಲು ಉಪ್ಪು ಬಡಿಸುವುದು ನಮ್ಮಲ್ಲಿ ಮೊದಲಿಂದಲೂ ಇದೆಯಲ್ಲ, ಅದು ಇಷ್ಟು ಉಪಯೋಗಕ್ಕೆ ಬಂದದ್ದು ಈಗಲೇ. ಬೀನ್ಸ್ ಪಲ್ಯದ ತುತ್ತು ಕಟ್ಟಿ, ಅದರ ಒಂದು ಬದಿ ಮಾತ್ರ ಉಪ್ಪಿಗೆ ತಾಗಿಸಿ ಬಾಯಿಗಿಟ್ಟರೆ ಉಪ್ಪು ಮೊದಲು ನಾಲಿಗೆಗೇ ಸಿಗುತ್ತದೆ. ಅಷ್ಟೇ ಉಪ್ಪನ್ನು ಒಳಗೆ ಬೇಯಿಸಿದ್ದರೆ ಸಪ್ಪೆ ಅನಿಸುತ್ತಿತ್ತು. ವಾಟೆಹುಳಿ ಹಾಕಿದ ದಿನವಂತೂ ಆ ಚಿಟಿಕೆಯಲ್ಲೂ ಸ್ವಲ್ಪ ಉಳಿಯುತ್ತದೆ.

ಒಮ್ಮೆ ಅಕ್ಕ ಖುಷಿಯಿಂದ ಒಂದು ಪ್ಯಾಕೆಟ್ ತಂದು ತೋರಿಸಿದರು. ‘ಇದು ಸೋಡಿಯಂ ಕಮ್ಮಿ ಇರೋ ಉಪ್ಪಂತೆ ಮಾರಾಯ್ರೆ, ನಿಮಗೇ ಅಂತ ತಂದೆ. ಇನ್ಮೇಲೆ ಧಾರಾಳ ಹಾಕ್ಕೊಳ್ಳಿ.’

‘ಅಕ್ಕಾ, ಅದರಲ್ಲಿ ಸೋಡಿಯಂ ಕಮ್ಮಿ ಮಾಡೋಕೆ ಪೊಟ್ಯಾಸಿಯಂ ಹಾಕಿರ್ತಾರೆ. ನನಗೆ ಅದೇ ಜಾಸ್ತಿ ಆಗೋದು.’

‘ಹಾಗಾದ್ರೆ ಬಿಪಿ ಇರೋವ್ರಿಗೆ ಒಳ್ಳೇದು ಅಂತ ಅಂಗಡಿಯವ ಹೇಳಿದ್ದು?’

ಅಂಗಡಿಯವನು ಹೇಳಿದ್ದೂ ಸುಳ್ಳಲ್ಲ. ಕಿಡ್ನಿ ಚೆನ್ನಾಗಿರುವ ಬಿಪಿಯವರಿಗೆ ಅದು ಸಾಮಾನ್ಯವಾಗಿ ಆಗುತ್ತದೆ. ಕಿಡ್ನಿ ಸೋತವರಿಗೆ ಪೊಟ್ಯಾಸಿಯಂ ಹೊರಗೆ ಹೋಗುವುದೇ ನಿಧಾನ. ನಾನು ನುಂಗುವ ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆಗಳೂ ಅದನ್ನು ಸ್ವಲ್ಪ ಏರಿಸುತ್ತವೆ. ತೀರಾ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಹಾಗಂತ ಮಾತ್ರೆ ಬಿಡುವಂತಿಲ್ಲ, ಕಿಡ್ನಿ ಕಾಯುವುದೂ ಅದೇ. ಪ್ಯಾಕೆಟ್ ಒಳಗೆ ಹೋಯಿತು. ಈಗ ಅಕ್ಕ ಹೊಸಬರು ಯಾರಾದರೂ ಪಥ್ಯ ಅಂದರೆ ‘ಬರೀ ಬಿಪಿಯೋ, ಕಿಡ್ನಿಯೋ?’ ಎಂದು ಕೇಳುತ್ತಾರೆ. ಈ ಒಂದು ಪ್ರಶ್ನೆಗೇ ನಾನು ಈ ಮೆಸ್ಸಿಗೆ ಮಾರ್ಕು ಕೊಡುವುದು.

ರಿಪೋರ್ಟಿನಲ್ಲಿ ಪೊಟ್ಯಾಸಿಯಂ 5.6, ಅಂದರೆ ಇರಬೇಕಾದ್ದಕ್ಕಿಂತ ಜಾಸ್ತಿ, ಬಂದಾಗ ತರಕಾರಿ ಬೇಯಿಸುವ ಕ್ರಮವೂ ಬದಲಾಗಬೇಕಾಯಿತು. ಸಣ್ಣಗೆ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಪೊಟ್ಯಾಸಿಯಂ ಬಿಟ್ಟುಕೊಂಡ ಆ ನೀರು ಚೆಲ್ಲಬೇಕು. ಹೇಗೆ ವಿವರಿಸುವುದು ಅಂತ ನಾನು ತಡವರಿಸುತ್ತಿದ್ದರೆ, ಅಕ್ಕ ‘ಓ, ಕಳಲೆ ನೀರು ಬದಲಾಯಿಸಿದ ಹಾಗೆ ಅಲ್ವಾ?’ ಅಂದರು. ಅಲ್ಲಿಗೆ ಪಾಠ ಮುಗಿಯಿತು. ಹುರುಳಿಕಟ್ಟಿನ ಸಾರು ಮಾಡಿದ ದಿನ ನನ್ನ ಎಲೆ ಹತ್ತಿರ ಬಂದು ‘ಇದು ನಿಮಗಲ್ಲ, ಬಸಿದ ನೀರೇ ಇದು’ ಎಂದು ತಾವೇ ಹೇಳಿ ಮುಂದೆ ಹೋಗುತ್ತಾರೆ. ಪರಿಮಳ ಮಾತ್ರ ನನ್ನ ಮುಂದಿನಿಂದಲೇ ಹೋಗುತ್ತದೆ, ಏನು ಮಾಡುವುದು.

ಇದನ್ನು ಓದಿ ಎಲ್ಲರೂ ತರಕಾರಿ ನೀರು ಚೆಲ್ಲಲು ಹೊರಡಬೇಡಿ. ಪೊಟ್ಯಾಸಿಯಂ ಸರಿ ಇದ್ದವರಿಗೆ ಇದು ಬೇಕಿಲ್ಲ. ಪಕ್ಕದ ಟೇಬಲ್ಲಿನವರ ಸಲಹೆಗಳಿಗಂತೂ ಕಿವಿ ಕೊಡಲೇಬೇಡಿ. ‘ಎಳನೀರು ಕುಡೀರಿ, ಕಿಡ್ನಿ ತೊಳೆಯುತ್ತೆ’ ಅನ್ನುವವರು ದಿನಕ್ಕೊಬ್ಬರು ಸಿಗುತ್ತಾರೆ. ಪೊಟ್ಯಾಸಿಯಂ ಏರಿದವರಿಗೆ ಎಳನೀರೇ ಮೊದಲು ಬೇಡ. ‘ಬೇಳೆ ಪೂರ್ತಿ ಬಿಟ್ಟುಬಿಡಿ’ ಅನ್ನುವುದು ಇನ್ನೊಂದು. ನನ್ನ ಹಂತದಲ್ಲಿ ಕೆಜಿ ತೂಕಕ್ಕೆ 0.8 ಗ್ರಾಂ ಪ್ರೋಟೀನ್ ಅಂತ ಲೆಕ್ಕ. 62 ಕೆಜಿಯ ನನಗೆ ದಿನಕ್ಕೆ 50 ಗ್ರಾಂ ಹತ್ತಿರ. ಬೇಳೆ ಬಿಟ್ಟು ಬರೀ ಅನ್ನ ಉಂಡರೆ ಕರಗುವುದು ತೋಳು, ತೊಡೆ. ಡಯಾಲಿಸಿಸ್ ಶುರುವಾದವರಿಗೆ ಪ್ರೋಟೀನ್ ಇನ್ನೂ ಜಾಸ್ತಿ ಬೇಕು. ಸಾರು, ಮಜ್ಜಿಗೆಯನ್ನೂ ಅವರು ನೀರಿನ ಲೆಕ್ಕಕ್ಕೆ ಸೇರಿಸಬೇಕು. ಅವರು ಇಲ್ಲಿಗೆ ಬರುವ ಮೊದಲು ತಮ್ಮ ಡಯಟೀಷಿಯನ್ ಹತ್ತಿರ ಮಾತಾಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ ಖಂಡಿತ ಹೇಳಬೇಕು. ಸೀಸನ್ನಿನಲ್ಲಿ ಇಲ್ಲಿ ಧಾರೆಹುಳಿ ಗೊಜ್ಜು ಮಾಡುತ್ತಾರೆ, ಪೇಟೆಯವರು ಸ್ಟಾರ್‌ಫ್ರೂಟ್ ಅನ್ನುವ ಹಣ್ಣು. ಕಿಡ್ನಿ ತೊಂದರೆ ಇದ್ದವರು ಅದನ್ನು ನೆಕ್ಕಿಯೂ ನೋಡಬಾರದು. ಅದರಲ್ಲಿರುವ ವಿಷ ಒಳ್ಳೆಯ ಕಿಡ್ನಿಯಾದರೆ ಹೊರಹಾಕುತ್ತದೆ, ನಮ್ಮದು ಹಾಕುವುದಿಲ್ಲ. ಬಿಡದ ಬಿಕ್ಕಳಿಕೆ, ಗೊಂದಲ, ಫಿಟ್ಸ್‌ವರೆಗೂ ಹೋಗುತ್ತದೆ. ಅಕ್ಕನಿಗೆ ಇದು ಗೊತ್ತು, ಬಡಿಸುವ ಹುಡುಗನಿಗೆ ಗೊತ್ತಿಲ್ಲ.

ಆ ಹುಡುಗನದ್ದೇ ನನ್ನ ದೊಡ್ಡ ತಕರಾರು. ಕೈ ಬಲು ಚುರುಕು. ‘ಬೇಡ’ ಅನ್ನುವಷ್ಟರಲ್ಲಿ ಮಾಮೂಲಿ ಹುಳಿ ಅನ್ನದ ಮೇಲೆ ಬಿದ್ದಿರುತ್ತದೆ. ಕಾಲೇಜು ಹುಡುಗರು ನುಗ್ಗುವ ಹೊತ್ತಿನಲ್ಲಿ ಅಕ್ಕನಿಗೂ ಎತ್ತಿಡುವುದು ಮರೆಯುತ್ತದೆ. ಆಗ ಅನ್ನ, ಉಪ್ಪಿಲ್ಲದ ಮಜ್ಜಿಗೆ, ಒಂದೆರಡು ಹೋಳು ಸೌತೆಕಾಯಿ, ಅಷ್ಟರಲ್ಲೇ ಎದ್ದು ಬರಬೇಕು. ದುಡ್ಡೇನೂ ಕಮ್ಮಿ ಮಾಡುವುದಿಲ್ಲ. ಟೇಬಲ್ಲು ಇಕ್ಕಟ್ಟು, ಫ್ಯಾನು ಒಂದೇ. ಪಲ್ಯಕ್ಕೆ ಆಲೂಗಡ್ಡೆ ಬೆರೆಸುವ ಚಟ ಅಕ್ಕನಿಗೆ ಹೋಗಿಲ್ಲ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ ಅಂತ ನಾನು ಹೋಳು ಹುಡುಕಿ ಬದಿಗಿಡುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಭಾನುವಾರ ರಜೆ. ಹೋಗುವವರು ಹತ್ತು ಗಂಟೆಯೊಳಗೆ ಫೋನ್ ಮಾಡಿ ಹೇಳಿ, ಹನ್ನೊಂದಕ್ಕೆಲ್ಲ ಉಪ್ಪು ಬಿದ್ದಾಗಿರುತ್ತದೆ. ಬರೀ ಉಪ್ಪು ಕಮ್ಮಿಯೋ, ತರಕಾರಿ ನೀರೂ ಚೆಲ್ಲಬೇಕೋ, ಅದನ್ನೂ ಆಗಲೇ ಹೇಳಿ. ಪಾರ್ಸೆಲ್ ಮಾತ್ರ ತರಿಸಬೇಡಿ. ಅದನ್ನು ಕಟ್ಟುವುದು ಆ ಹುಡುಗ, ಕಟ್ಟುವುದು ದೊಡ್ಡ ಪಾತ್ರೆಯಿಂದ.