ನಳಿಗೆಯಲ್ಲಿ ಕೂತ ಗುಂಡು ಮತ್ತು ಮಡಿಕೇರಿಯ ಕೋವಿ ರಿಪೇರಿಯವರು

ಮೊದಲೇ ಹೇಳಿಬಿಡ್ತೀನಿ, ಅಂಗಡಿ ಹೆಸರು ಬರೆಯಲ್ಲ. ಬೇಡ ಅಂದವರು ಅಂಗಡಿಯವರೇ. "ಈಗ ಬಂದಿರೋ ಕೆಲಸಾನೇ ಮುಗೀತಿಲ್ಲ ಮಾರಾಯ್ರೆ" ಅಂದ್ರು. ಮಡಿಕೇರಿಯಲ್ಲಿ ಕೋವಿ ಇರೋ ಯಾವ ಮನೆಯಲ್ಲಿ ಕೇಳಿದರೂ ದಾರಿ ತೋರಿಸ್ತಾರೆ.

ನನ್ನದು ಸಕಲೇಶಪುರದ ಕಡೆ ಕಾಫಿ ತೋಟ. ಅಪ್ಪನಿಂದ ಬಂದದ್ದು ಕಾನ್ಪುರದ ಪಾಯಿಂಟ್ 32 ರಿವಾಲ್ವರ್. ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸ್ಕೊಳ್ಳೋಕೆ ಅಲೆದದ್ದು ಬೇರೆಯೇ ಕಥೆ. ವರ್ಷಕ್ಕೊಮ್ಮೆ ರೇಂಜ್‌ಗೆ ಹೋಗಿ ಆರೋ ಹನ್ನೆರಡೋ ತೋಟೆ ಹೊಡೆದು ಬರೋದು ರೂಢಿ. ಈ ಸಲ ಮೂರನೇದು 'ಢಂ' ಅನ್ನಲಿಲ್ಲ, 'ಟುಸ್' ಅಂತು. ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ. ಕೈಗೆ ಒದೆಯೇ ಬರಲಿಲ್ಲ. ನಾಲ್ಕನೇದಕ್ಕೆ ಬೆರಳು ಆಗಲೇ ಬಿಗೀತಿತ್ತು. ಹಿಂದೆ ನಿಂತಿದ್ದ ಕೋಚ್, ಸಶಸ್ತ್ರ ಮೀಸಲು ಪಡೆಯಲ್ಲಿದ್ದು ನಿವೃತ್ತರಾದವರು, "ಬೆರಳು ತೆಗೀರಿ!" ಅಂತ ಕಿರುಚಿದ ಕೂಗು ಇವತ್ತಿಗೂ ಕಿವಿಯಲ್ಲಿದೆ.

ಮದ್ದು ಹತ್ತಿಕೊಳ್ಳದೆ ಬರೀ ಕೇಪು (ತೋಟೆಯ ಬುಡದಲ್ಲಿದ್ದು ಮದ್ದಿಗೆ ಕಿಡಿ ಕೊಡೋ ಬಿಲ್ಲೆ) ಸಿಡಿದರೂ ಸಾಕಂತೆ, ಗುಂಡು ನಳಿಗೆಯೊಳಗೆ ಹೋಗಿ ಕೂರುತ್ತೆ. ಅದರ ಬೆನ್ನಿಗೆ ಇನ್ನೊಂದು ಗುಂಡು ಬಂದು ಬಡಿದರೆ ನಳಿಗೆ ಉಬ್ಬುತ್ತೆ, ಇಲ್ಲ ಸೀಳುತ್ತೆ. ಮದ್ದು ತಡವಾಗಿ ಹತ್ತಿಕೊಳ್ಳೋದೂ ಉಂಟು ಅಂತ ಕೋಚ್ ಒಂದು ನಿಮಿಷ ಪೂರ್ತಿ ಮಣ್ಣಿನ ದಿಬ್ಬದ ಕಡೆಗೇ ಹಿಡಿದು ನಿಲ್ಲಿಸಿದರು. ತೋಳು ನಡುಗ್ತಿತ್ತು. ಆಮೇಲೆ ಲಾಚ್ ಒತ್ತಿ ಮಡಚಿಸಿದರು. ಇದು ಇಂಗ್ಲೆಂಡಿನ ವೆಬ್ಲಿ ರಿವಾಲ್ವರಿನ ಜಾತಿಯದು, ನಳಿಗೆ ಸಿಲಿಂಡರ್ ಎರಡೂ ಒಟ್ಟಿಗೆ ಮುಂದಕ್ಕೆ ಬಾಗ್ತವೆ, ಆರೂ ತೋಟೆ ತಾವೇ ಮೇಲೆದ್ದು ಬರ್ತವೆ. ಮೂರಕ್ಕೆ ಕೇಪಿನ ಮೇಲೆ ಪೆಟ್ಟು ಬಿದ್ದ ಚುಕ್ಕಿ, ಮೂರು ಹಾಗೇ ಇದ್ದವು. ಸಿಲಿಂಡರ್ ಪಕ್ಕಕ್ಕೆ ತೆರೆಯೋ ರಿವಾಲ್ವರ್ ಆಗಿದ್ದು, ಗುಂಡು ಅರ್ಧ ನಳಿಗೆಯಲ್ಲಿ ಅರ್ಧ ಸಿಲಿಂಡರಿನಲ್ಲಿ ನಿಂತಿದ್ದರೆ ಬಿಚ್ಚೋಕೇ ಆಗ್ತಿರಲಿಲ್ಲ. ಬಾಯಿ ಕಡೆಯಿಂದ ತೆಳು ಕಡ್ಡಿ ಇಳಿಸಿದರು. ಅರ್ಧಕ್ಕೇ ನಿಂತಿತು.

ಊರಿಗೆ ಬಂದರೆ ಎಲ್ಲರೂ ಪಂಡಿತರು. ಲೇತ್ ಇಟ್ಟವರೊಬ್ಬರು "ಕಬ್ಬಿಣದ ಸರಳು ಹಾಕಿ ಎರಡು ಕೊಟ್ರೆ ಬರುತ್ತೆ" ಅಂದರು. ಇನ್ನೊಬ್ಬರು ಮತ್ತೊಂದು ತೋಟೆಯ ಗುಂಡು ಕಿತ್ತು ಬರೀ ಮದ್ದಲ್ಲಿ ಹಾರಿಸು ಅಂದರು. ಅಷ್ಟಕ್ಕೂ ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿ ಮಾಡೋದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ಹಾಗಾಗಿ ಶನಿವಾರಸಂತೆ, ಸೋಮವಾರಪೇಟೆ ಮೇಲೆ ಮಡಿಕೇರಿಗೆ ಹೊರಟೆ.

ಅಂಗಡಿ ಅಂದರೆ ಒಂದು ಕಿಟಕಿ, ಒಂದು ಬೆಂಚು, ಗೋಡೆ ತುಂಬ ಅರ. ಯಜಮಾನರಿಗೆ ಎಪ್ಪತ್ತರ ಆಸುಪಾಸು. ರಿವಾಲ್ವರ್ ಚೀಲದಿಂದ ಹೊರಗೆ ತೆಗೆಯೋಕೇ ಬಿಡಲಿಲ್ಲ, ಮೊದಲು ಲೈಸೆನ್ಸ್ ಪುಸ್ತಕ. ಅದರಲ್ಲಿದ್ದ ನಂಬರನ್ನೂ ರಿವಾಲ್ವರಿನ ಮೇಲಿನ ನಂಬರನ್ನೂ ತಾಳೆ ನೋಡಿ ರಿಜಿಸ್ಟರಿಗೆ ಏರಿಸಿದರು. ಆಮೇಲೆ ಒಂದೇ ಪ್ರಶ್ನೆ: "ಸಿಕ್ಕಿಕೊಂಡ ಮೇಲೆ ಹೊಡೆದ್ರಾ?"

"ಇಲ್ಲ."

"ಹಾಗಾದ್ರೆ ಉಳೀತು."

ನಾನು ಖಾಲಿ ಅಂದರೂ ನಂಬದೆ ತಾವೇ ಎರಡು ಸಲ ನೋಡಿದರು. ಸ್ಕ್ರೂ ಬಿಚ್ಚಿ ಸಿಲಿಂಡರ್ ಕೆಳಗಿಳಿಸಿದರು. ನಳಿಗೆಗೆ ಎರಡೂ ಕಡೆಯಿಂದ ಎಣ್ಣೆ ಬಿಟ್ಟು "ಕಾಫಿ ಕುಡ್ಕೊಂಡು ಬನ್ನಿ" ಅಂದರು. ವೈಸಿನ ಬಾಯಿಗೆ ಹಳೇ ಚರ್ಮದ ಬೆಲ್ಟ್ ಹೊದಿಸಿ ನಳಿಗೆಯನ್ನಷ್ಟೇ ಕಚ್ಚಿಸಿದರು. ಹಿಡಿ ಕಡೆ ಹಿಡಿದು ಬಡಿದರೆ ಪೆಟ್ಟೆಲ್ಲ ಮಡಚೋ ಕೀಲಿಗೆ ಬೀಳುತ್ತಂತೆ. ಸರಳು ಹಿತ್ತಾಳೆಯದು, 7 ಮಿ.ಮೀ. ದಪ್ಪ, ನಳಿಗೆಯ ತೂತಿಗಿಂತ ಕೂದಲಷ್ಟು ಸಣ್ಣ, ಅಲ್ಲಾಡದ ಹಾಗೆ ಎರಡು ಸುತ್ತು ಟೇಪು. ಸರಳು ಸಪೂರ ಆದರೆ ಸೀಸದ ಗುಂಡಿನ ನಡು ಕುಳಿಬಿದ್ದು ಅಂಚು ಅಗಲವಾಗಿ ಇನ್ನೂ ಬಿಗಿಯುತ್ತೆ. ಮರದ ಕಡ್ಡಿ ಹಾಕಿದರೆ ಸೀಳಿ ಅದೇ ಗೂಟ ಆಗುತ್ತೆ.

ಬಾಯಿ ಕಡೆಯಿಂದ ಹಿಂದಕ್ಕೆ ಬಡಿದರು. ಹಿಂದಿನ ದಾರಿಯೇ ಹತ್ತಿರ, ಗುಂಡು ಬಂದ ದಾರಿಯೂ ಅದೇ. ನಾನು ಟಕಟಕ ಬಡೀತಾರೆ ಅಂದ್ಕೊಂಡಿದ್ದೆ. ಇಲ್ಲ, ತೂಕದ ಸುತ್ತಿಗೆ, ಎಣಿಸಿ ಎಣಿಸಿ ಒಂದೊಂದೇ ಪೆಟ್ಟು. ಸರಳಿನ ಮೇಲೆ ಪೆನ್ನಿನಲ್ಲಿ ಒಂದು ಗೆರೆ ಎಳೆದಿದ್ದರು. ಮೂರು ಪೆಟ್ಟಿಗೆ ಗೆರೆ ಮಿಸುಕಲಿಲ್ಲ. ನಾಲ್ಕಕ್ಕೆ ಅಕ್ಕಿಕಾಳಷ್ಟು ಒಳಗೆ ಹೋಯಿತು. ಏಳನೇ ಪೆಟ್ಟಿಗೆ ಗುಂಡು ಕೆಳಗಿನ ಬಟ್ಟೆ ಮೇಲೆ ಬಿತ್ತು. ಮೂತಿ ಚಪ್ಪಟೆ, ಮೈಮೇಲೆ ಓರೆ ಓರೆ ಗೀರು.

ಅದರ ಹಿಂದೆಯೇ ಮದ್ದಿನ ಕಾಳು ಮುದ್ದೆಯಾಗಿ ಉದುರಿತು. ಬೆರಳಲ್ಲಿ ಹೊಸಕಿ ಮೂಸಿ ನೋಡಿ, "ತೋಟೆಗೆ ಎಣ್ಣೆ ಹಾಕಿದ್ದು ಯಾರು?" ಅಂದರು. ನಾನೇ. ಮಳೆಗಾಲಕ್ಕೆ ಹಿತ್ತಾಳೆ ಹಸಿರುಗಟ್ಟುತ್ತೆ ಅಂತ ಪ್ರತಿ ಜೂನ್‌ನಲ್ಲಿ ತುಕ್ಕಿನ ಸ್ಪ್ರೇ ಹೊಡೆದು ಬೀರುವಿನಲ್ಲಿ ಇಡ್ತಿದ್ದೆ. ಅದು ಕೇಪಿನ ಸಂದಿಯಿಂದ ಒಳಗಿಳಿದು ಮದ್ದನ್ನು ಕೆಡಿಸಿದೆ. ಕೋವಿಗೆ ಎಣ್ಣೆ, ತೋಟೆಗೆ ಒಣಗಿದ ಡಬ್ಬಿ, ಇಷ್ಟೇ ಅಂದರು. ಉಳಿದವನ್ನು ಹೊಡೆಯಬೇಡಿ ಅಂದದ್ದಕ್ಕೆ ಠಾಣೆಗೆ ಒಪ್ಪಿಸಿ ರಸೀದಿ ತಗೊಂಡೆ.

ಅಲ್ಲಿಗೇ ಕೈ ತೊಳೆಯದ್ದು ನನಗೆ ಹಿಡಿಸಿತು. ನಳಿಗೆ ಒರೆಸಿ, ಹಿಂದೆ ಟಾರ್ಚ್ ಹಿಡಿದು, ನನ್ನ ಕೈಗೂ ಕೊಟ್ಟು ನೋಡಿ ಅಂದರು. ಉಬ್ಬಿದ್ದರೆ ಒಳಗೆ ಬಳೆ ಹಾಗೆ ನೆರಳು ಕಾಣುತ್ತಂತೆ. ಬಿಗಿಯಾದ ಬಟ್ಟೆ ತಳ್ಳುವಾಗ ಒಂದು ಕಡೆ ಸಡಿಲ ಆಗುತ್ತಂತೆ. ಎರಡೂ ಇರಲಿಲ್ಲ.

ಎರಡು ಗಂಟೆ ಕೆಲಸ, 800 ರೂಪಾಯಿ. ಹೆಚ್ಚಲ್ಲ. ದೂರು ಇಲ್ಲದೆ ಇಲ್ಲ: ನಗದು ಮಾತ್ರ, ಬಿಲ್ ಕೇಳಿದರೇ ಬರೀತಾರೆ, ಫೋನ್ ಎತ್ತಲ್ಲ. ಕೊಡವರು ಕೋವಿಗೆ ಪೂಜೆ ಮಾಡೋ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂದರಂತೂ ಮುಖ ಎತ್ತಿ ನೋಡಲ್ಲ. ಕೊಡವರ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದ್ದಾರೆ. ರಿವಾಲ್ವರಿಗೆ ಆ ಭಾಗ್ಯ ಇಲ್ಲ. ಹಬ್ಬಕ್ಕೆ ಆ ಮನೆಗಳ ಕೋವಿ ಎಲ್ಲ ಇವರ ಬೆಂಚಿನ ಮೇಲೇ. ಪೂಜೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿದ ದಂಟು ಒಳಗೇ ಮುರಿದು, ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ನಳಿಗೆಗೆ ಕಣಜ ಮಣ್ಣು ಮೆತ್ತಿ, ಹಾಗೇ ತಂದು ಕೊಡೋರೂ ಇದ್ದಾರಂತೆ. "ಹೊಡೆಯೋಕೆ ಮುಂಚೆ ಒಂದ್ಸಲ ಇಣುಕಿ ನೋಡೋಕೆ ಏನು ರೋಗ?" ಅಂತ ಅವರ ಗೊಣಗಾಟ.

ಆಗಸ್ಟ್ ಕೊನೆಗೆ ಅಪ್ಪನ ಜೋಡಿನಳಿಗೆ ಕೋವಿ ತಗೊಂಡು ಮತ್ತೆ ಹೋಗಿದ್ದೆ. ಕಿಟಕಿಯಿಂದಲೇ ಕೈಬೀಸಿ, "ಹಬ್ಬ ಕಳೀಲಿ, ಬನ್ನಿ" ಅಂದರು. ನೂರು ಕಿಲೋಮೀಟರ್ ಹತ್ತಿರ ಓಡಿಸಿಕೊಂಡು ಹೋಗಿದ್ದು, ಒಂದು ಲೋಟ ಕಾಫಿ ಕುಡಿದು ವಾಪಸ್ ಬಂದೆ.