ಫ್ಲಾಟ್ ಟಾಪ್ಸ್‌ನ ಡ್ರಾಪ್ ಕ್ಯಾಂಪ್: ಡೇರೆ ಸೊಗಸು, ಮಾಂಸ ಇಳಿಸಲು ಬಂದದ್ದು ಮಾತ್ರ ತಡ

ಡೆನ್ವರ್‌ನಿಂದ ನಾವು ಮೂವರು ಕೊಲೊರಾಡೋದ ಫ್ಲಾಟ್ ಟಾಪ್ಸ್ ಕಾಡಿಗೆ ಶಿಕಾರಿಗೆ ಹೋಗಿದ್ದೆವು, ಅಕ್ಟೋಬರ್ ಕೊನೆಯಲ್ಲಿ ಬರುವ ಎರಡನೇ ರೈಫಲ್ ಸೀಸನ್‌ಗೆ, ಅಂದರೆ ಬಂದೂಕಿನ ಶಿಕಾರಿಗೆ ಬಿಡುವ ಎರಡನೇ ಅವಧಿಗೆ. ಮೊದಲನೆಯದು ಬರೀ ಎಲ್ಕ್ ಅನ್ನೋ ದೊಡ್ಡ ಜಿಂಕೆಗೆ. ಅಲ್ಲಿನ ಇನ್ನೊಂದು ಜಿಂಕೆ ಮ್ಯೂಲ್ ಡೀರ್ ಕೂಡ ಬೇಕು ಅಂದರೆ ಲೈಸೆನ್ಸ್ ಲಾಟರಿಗೆ ಏಪ್ರಿಲ್ ಶುರುವಿನಲ್ಲೇ ಅರ್ಜಿ ಹಾಕಬೇಕು, ಲಾಟರಿ ಫಲಿತಾಂಶ ಗೊತ್ತಾಗುವ ತನಕ ಯಾವ ಕ್ಯಾಂಪಿಗೂ ಮುಂಗಡ ಕೊಡಬೇಡಿ.

ಕ್ಯಾಂಪ್ ನಡೆಸುವವರು ನಮ್ಮ ಸಾಮಾನನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು, ಸುಮಾರು 10,000 ಅಡಿ ಎತ್ತರದಲ್ಲಿ ನಮ್ಮನ್ನು ಬಿಟ್ಟು ಇಳಿದು ಹೋದರು. ಡ್ರಾಪ್ ಕ್ಯಾಂಪ್ ಅಂದರೆ ಇದೇ: ಬಿಟ್ಟು ಹೋಗ್ತಾರೆ, ಕರೆದಾಗ ಮಾಂಸ ಇಳಿಸಲು ಬರ್ತಾರೆ. ದಪ್ಪ ಕ್ಯಾನ್ವಾಸ್ ಡೇರೆ, ಒಳಗೆ ತಗಡಿನ ಒಲೆ, ಒಡೆದಿಟ್ಟ ಸೌದೆ. ಬೆಳಗ್ಗೆ ಹೊರಗಿಟ್ಟ ನೀರಿನ ಬಾಟಲಿ ಕಲ್ಲಾಗಿತ್ತು, ಒಳಗೆ ಬೆಚ್ಚಗಿತ್ತು. ಅಷ್ಟು ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತೆ, ಬೇಳೆ ಬೇಯೋದೇ ಇಲ್ಲ. ಕುಕ್ಕರ್ ತಂದಿದ್ದು ಒಳ್ಳೇದಾಯ್ತು, ಅದನ್ನೂ ಬೇಡ ಅನ್ನದೆ ಹೇರಿದರು.

ಮೂರನೇ ದಿನ ಸಂಜೆ ಗೆಳೆಯನಿಗೆ ಒಂದು ಗಂಡು ಎಲ್ಕ್ ಸಿಕ್ಕಿತು. ನಮ್ಮ ಕಡವೆಗಿಂತಲೂ ದೊಡ್ಡ ಪ್ರಾಣಿ, ಮೂಳೆ ಬಿಡಿಸಿದರೂ ಮಾಂಸ 90 ಕೆಜಿ ಆಸುಪಾಸು ಇರುತ್ತೆ. ಟಾರ್ಚ್ ಬೆಳಕಿನಲ್ಲಿ ಕೊಯ್ದು, ಬಟ್ಟೆ ಚೀಲಕ್ಕೆ ಹಾಕಿ, ಮರಕ್ಕೆ ಕಟ್ಟಿ, ಕ್ಯಾಂಪ್ ನಡೆಸುವವರಿಗೆ ಸ್ಯಾಟಲೈಟ್ ಮೆಸೇಜ್ ಕಳಿಸಿದೆವು. ಮೆಸೇಜ್ ಬಂದ ಮಾರನೇ ದಿನವೇ ಬರ್ತೀವಿ ಅಂದಿದ್ದವರು ಬಂದದ್ದು ಅದರ ಮರುದಿನ ಸಂಜೆ. ರಾತ್ರಿ ಹೆಪ್ಪುಗಟ್ಟುವ ಚಳಿ, ಮಧ್ಯಾಹ್ನ ಮಾತ್ರ ಸುಡುವ ಬಿಸಿಲು. ನೆರಳು ಸರಿದ ಹಾಗೆಲ್ಲ ಚೀಲಗಳನ್ನು ಬಿಚ್ಚಿ ಬೇರೆ ಮರಕ್ಕೆ ಕಟ್ಟಿದೆವು, ಆದರೂ ಹಿಂದೊಡೆಯ ಮೂಳೆ ಪಕ್ಕದ ಮಾಂಸ ಹುಳಿ ವಾಸನೆ ಹೊಡೆದು ಬಿಸಾಡಬೇಕಾಯಿತು. ಜೀವ ತೆಗೆದ ಮೇಲೆ ಹಾಗೆ ಹಾಳಾಗಲು ಬಿಡೋದು ತಪ್ಪು, ಅಲ್ವಾ? ಇವತ್ತಿಗೂ ಆ ಸಂಕಟ ಹೋಗಿಲ್ಲ.

ವಿಚಾರಿಸಿದರೆ, ಅದೇ ದಿನ ಇನ್ನೆರಡು ಕ್ಯಾಂಪಿನವರೂ ಕರೆದಿದ್ದರಂತೆ, ಹೇಸರಗತ್ತೆಗಳು ಸಾಲಲಿಲ್ಲವಂತೆ. ಹಾಗಾಗಿ ಬುಕ್ ಮಾಡುವಾಗ ದರಕ್ಕಿಂತ ಮೊದಲು ಇದನ್ನು ಕೇಳಿ: ಒಟ್ಟು ಎಷ್ಟು ಕ್ಯಾಂಪ್, ಎಷ್ಟು ಹೇಸರಗತ್ತೆ, ಕರೆದ ಮೇಲೆ ಎಷ್ಟು ಗಂಟೆಯಲ್ಲಿ ಬರುತ್ತೀರಿ. ರಾಜ್ಯದ ನೋಂದಣಿ, ಫಾರೆಸ್ಟ್ ಸರ್ವೀಸ್ (ಅಲ್ಲಿನ ಕೇಂದ್ರ ಅರಣ್ಯ ಇಲಾಖೆ) ಪರ್ಮಿಟ್ ಎರಡನ್ನೂ ನೋಡಿ. ನಮ್ಮವರ ಹತ್ತಿರ ಸರಿಯಾಗಿಯೇ ಇದ್ದವು.

ಐದಕ್ಕೆ ಮೂರು ಕೊಡುತ್ತೇನೆ. ಮುಂದಿನ ವರ್ಷವೂ ಅದೇ ಡೇರೆಗೇ ಹೋಗುವ ಆಸೆ ಇದೆ, ಆದರೆ ಇಳಿಸುವ ದಿನವನ್ನು ಕಾಗದದ ಮೇಲೆ ಬರೆಸಿಕೊಂಡ ಮೇಲೆ ಮಾತ್ರ.