ಟ್ರೆಕ್ಕಿಂಗ್ ಕ್ಲಬ್ಬಿನ ‘ವಾರ್ಷಿಕ ಸಮ್ಮಿಲನ’ಕ್ಕೆ ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಕ್ಲಬ್ಬಿನ ಹೆಸರು ಹೇಳಲ್ಲ. ಹೇಳಿದರೆ ‘ಇವಳು ಕ್ಲಬ್ಬಿನ ಮಾನ ಕಳೆದಳು’ ಅಂತ ಕೂಗಾಟ ಶುರುವಾಗುತ್ತದೆ, ದುಡ್ಡಿನ ವಿಷಯ ಮೂಲೆಗೆ ಬೀಳುತ್ತದೆ. ಆದರೆ ನೀವೂ ಯಾವುದಾದರೂ ಟ್ರೆಕ್ಕಿಂಗ್ ಕ್ಲಬ್ಬಿನ ಸದಸ್ಯರಾಗಿದ್ದು, ‘ಬೆಟ್ಟದ ಮೇಲೆ ರಿಯೂನಿಯನ್, ಹಳಬರು ಹೊಸಬರು ಎಲ್ಲ ಸೇರೋಣ, ಬೇಗ ದುಡ್ಡು ಹಾಕಿ’ ಅಂತ ಮೆಸೇಜ್ ಬಂದಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಹಿಂದುಮುಂದಾಗಿದ್ದರೆ ಸಹಿಸಿಕೊಳ್ಳಿ.

ಇಂಥದ್ದೆಲ್ಲ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಮೊದಲು ಅಡ್ವಾನ್ಸ್, ಆಮೇಲೆ ಬಾಕಿ. ಖಜಾಂಚಿ ಗುಂಪಿನಲ್ಲಿ ಪಟ್ಟಿ ಹಾಕುತ್ತಾರೆ, ಕಟ್ಟಿದವರ ಹೆಸರಿನ ಮುಂದೆ ಟಿಕ್ ಬೀಳುತ್ತದೆ. ರಸೀದಿ ಯಾರೂ ಕೇಳಲ್ಲ, ಯಾರೂ ಕೊಡಲ್ಲ. ಕ್ಲಬ್ ಅಲ್ವಾ, ನಮ್ಮವರೇ ಅಲ್ವಾ.

ನಮ್ಮ ನೋಟಿಸಿನಲ್ಲಿ ಇದ್ದದ್ದು ಇಷ್ಟು. ಮೊದಲ ರಾತ್ರಿ ನಡುದಾರಿಯ ಹಳ್ಳಿಯಲ್ಲಿ, ಮೈ ಎತ್ತರಕ್ಕೆ ಒಗ್ಗಲಿ ಅಂತ. ಮಾರನೇ ದಿನ 3,100 ಮೀಟರ್ ಎತ್ತರದ ಹಟ್‌ಗೆ. ಅಲ್ಲಿ ಎಲ್ಲರಿಗೂ ಹಾಸಿಗೆ. ಗೈಡ್, ಇನ್ಶೂರೆನ್ಸ್, ಸ್ಲೀಪಿಂಗ್ ಬ್ಯಾಗ್ ಎಲ್ಲ ಸೇರಿ ಒಂದೇ ಮೊತ್ತ. ‘ಎಲ್ಲರಿಗೂ ಹಾಸಿಗೆ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಒಟ್ಟು 34 ಜನ ಕಟ್ಟಿದೆವು.

ನಾನೊಬ್ಬಳೇ ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಆಫೀಸಿನ ಇಬ್ಬರು ಗೆಳತಿಯರನ್ನು ಹುರಿದುಂಬಿಸಿ ಕರೆದುಕೊಂಡು ಹೋಗಿದ್ದೆ. ‘ನಮ್ಮ ಕ್ಲಬ್ ಕಣ್ರೇ, ನಾನು ನೋಡ್ತಾ ಬಂದಿದ್ದೀನಿ, ಏನೂ ಯೋಚನೆ ಮಾಡಬೇಡಿ’ ಅಂದಿದ್ದೆ. ಆ ಮಾತು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಬಸ್ ಹೊರಟ ಮೇಲೆ ಕಾರ್ಯದರ್ಶಿ ಎದ್ದು ನಿಂತು ಒಂದು ‘ಸಿಹಿ ಸುದ್ದಿ’ ಕೊಟ್ಟರು. ಹಳ್ಳಿಯಲ್ಲಿ ಉಳಿಯುವುದು ಬೇಡ, ಇವತ್ತೇ ನೇರ ಮೇಲೆ ಹೋಗೋಣ, ಸಮ್ಮಿಲನಕ್ಕೆ ಒಂದು ಸಂಜೆ ಜಾಸ್ತಿ ಸಿಗುತ್ತದೆ ಅಂದರು. ಚಪ್ಪಾಳೆ ಬಿತ್ತು. ಆ ರಾತ್ರಿಯ ದುಡ್ಡು? ಅದರ ಮಾತೇ ಬರಲಿಲ್ಲ. ದುಡ್ಡು ಹಾಳಾಗಿ ಹೋಗಲಿ. ಬೆಟ್ಟದ ವೈದ್ಯರು ಹೇಳುವುದನ್ನು ಓದಿದವರಿಗೆ ಗೊತ್ತು, ತಗ್ಗಿನಿಂದ ಹೊರಟು ಒಂದೇ ದಿನದಲ್ಲಿ 2,800 ಮೀಟರ್ ದಾಟಿ ಮಲಗುವುದೇ ಅಪಾಯದ ಲೆಕ್ಕಕ್ಕೆ ಸೇರುತ್ತದೆ. 3,000 ದಾಟಿದ ಮೇಲಂತೂ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ಇದನ್ನು ಹೊಸಬರಿಗೆ ಪಾಠ ಮಾಡುವವರೇ ಇವರು!

ಗಾಡಿ ಇಳಿದ ಕೂಡಲೇ ಒಂದೊಂದು ಹಾಳೆ ಕೊಟ್ಟರು. ‘ಬೇಗ ಬೇಗ, ಕತ್ತಲಾಗುತ್ತೆ.’ ಬಸ್ಸಿನ ಬಾನೆಟ್ ಮೇಲೆ ಹಾಳೆ ಇಟ್ಟುಕೊಂಡು, ಗಾಳಿಗೆ ಹಾರದ ಹಾಗೆ ಅಂಗೈ ಒತ್ತಿ ಸಹಿ ಹಾಕಿದೆವು. ಏನೇ ಆದರೂ ನನ್ನದೇ ಜವಾಬ್ದಾರಿ, ಕ್ಲಬ್ಬಿನದಲ್ಲ ಅಂತ ಅದರಲ್ಲಿತ್ತು. ಈ ಹಾಳೆಯ ಕತೆ ಮುಂದೆ ಇದೆ.

‘ಎಂಟು ಕಿಲೋಮೀಟರ್ ಅಷ್ಟೇ, ಎರಡು ಗಂಟೆ’ ಅಂದರು. ಏರು 900 ಮೀಟರ್. 1892ರಲ್ಲಿ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ ಕೊಟ್ಟ ಲೆಕ್ಕ ಒಂದಿದೆ, ಟ್ರೆಕ್ಕಿಂಗ್ ಮಾಡುವವರಿಗೆಲ್ಲ ಗೊತ್ತಿರುವಂಥದ್ದು: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ ಎಲ್ಲೂ ಕೂರದೆ ನಡೆದರೂ ಮೂರು ಗಂಟೆ ದಾಟುತ್ತದೆ. 34 ಜನರ ಗುಂಪು, ಅದರಲ್ಲಿ ವಯಸ್ಸಾದವರು, ಮಕ್ಕಳು. ಮೇಲೆ ಮುಟ್ಟುವಾಗ ಕಗ್ಗತ್ತಲು. ಗೈಡ್ ಅಂತ ಬಂದಿದ್ದವನು ಕಾರ್ಯದರ್ಶಿಯ ಭಾವಮೈದ. ಅವನಿಗೂ ಆ ದಾರಿ ಹೊಸದು.

ಈಗ ನಡೆದ ಆಟ ನೋಡಿ.

ಮೇಲೆ ಹೋದ ಕೂಡಲೇ ಯಾರನ್ನೂ ಹಟ್ ಒಳಗೆ ಬಿಡಲಿಲ್ಲ. ಹೊರಗೆ ಬೆಂಕಿ ಹಾಕಿಸಿದ್ದರು. ‘ಮೊದಲು ಕೂತ್ಕೊಳ್ಳಿ, ಬಿಸಿಯಾಗಿ ಏನಾದರೂ ಕುಡೀರಿ.’ ಸುಸ್ತಾಗಿದ್ದೆವು, ಕೂತೆವು. ಅಧ್ಯಕ್ಷರು ಎರಡು ಮಾತಾಡಿದರು. ಖಜಾಂಚಿ ಏನೋ ಗೊಣಗೊಣ ಓದಿದರು, ಗಾಳಿಗೆ ಅರ್ಧ ಕೇಳಲಿಲ್ಲ. ಆಮೇಲೆ ಕಾರ್ಯದರ್ಶಿ ಜೋರಾಗಿ, ‘ಎಲ್ಲರೂ ಖುಷಿಯಾಗಿದ್ದೀರಾ? ಒಪ್ಪಿಗೆನಾ? ಕೈ ಎತ್ತಿ ನೋಡೋಣ!’ ಅಂದರು. ಎತ್ತಿದೆವು. ಫೋಟೋ ತೆಗೆದರು. ನಾನೂ ನಗುತ್ತಾ ಎರಡೂ ಕೈ ಎತ್ತಿದ್ದೇನೆ ಅದರಲ್ಲಿ.

ಅದಾದ ಮೇಲೆ ಟೆಂಟಿನ ವಿಷಯ ಬಂತು. ‘ಒಂದು ಸಣ್ಣ ತೊಂದರೆ. ಹಟ್‌ನವರು ಕೊನೇ ಗಳಿಗೆಯಲ್ಲಿ ಕೈಕೊಟ್ಟರು. ಸ್ವಲ್ಪ ಜನ ಟೆಂಟಿನಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ.’ ಸ್ವಲ್ಪ ಜನ ಅಂದರೆ 22. ಒಳಗೆ ಮಲಗಿದವರು ಯಾರು ಅಂತ ಹೇಳಬೇಕಾ? ಕಮಿಟಿಯವರು, ಅವರ ಮನೆಯವರು, ಇಬ್ಬರು ಮಾಜಿ ಅಧ್ಯಕ್ಷರು, ಮತ್ತೆ ಆ ಗೈಡ್!

ಚಳಿ ಅಂದಿದ್ದಕ್ಕೆ ಕಾರ್ಯದರ್ಶಿ ಮೊಬೈಲ್ ತೋರಿಸಿದರು. ‘ನೋಡಿ ಮೇಡಂ, ರಾತ್ರಿ 14 ಡಿಗ್ರಿ. ಇದೇನು ಚಳಿನಾ?’ ಅವರು ತೋರಿಸಿದ್ದು ತಪ್ಪಲಿನ ಊರಿನ ಹವಾಮಾನ. ಆ ಊರು ಇರುವುದು 900 ಮೀಟರಿನಲ್ಲಿ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ಕಮ್ಮಿಯಾಗುತ್ತದೆ. ನಾವಿದ್ದದ್ದು ಅದಕ್ಕಿಂತ 2,200 ಮೀಟರ್ ಮೇಲೆ. ನೀವೇ ಕಳೆಯಿರಿ, ಸೊನ್ನೆ ಬರುತ್ತದೆ. ಗಾಳಿ ಬೇರೆ.

‘ಮೈನಸ್ 19ರ ಬ್ಯಾಗ್ ಕೊಟ್ಟಿದ್ದೀವಲ್ಲ’ ಅಂದರು. ಟೆಂಟಿನೊಳಗೆ ಟಾರ್ಚ್ ಹಾಕಿ ಆ ಬ್ಯಾಗಿನ ಪಟ್ಟಿ ಹುಡುಕಿದೆ. ಒಳಗಡೆ ಹೊಲಿಗೆ ಹತ್ತಿರ ಒಗೆದು ಒಗೆದು ಮಾಸಿದ ಒಂದು ಚೀಟಿ. ಅದರಲ್ಲಿ ಮೂರು ಅಂಕಿ: ಕಂಫರ್ಟ್ 2, ಲಿಮಿಟ್ ಮೈನಸ್ 3, ಎಕ್ಸ್‌ಟ್ರೀಮ್ ಮೈನಸ್ 19. ನೆಮ್ಮದಿಯಾಗಿ ನಿದ್ದೆ ಮಾಡಬಹುದಾದದ್ದು ಮೊದಲನೇ ಅಂಕಿಯವರೆಗೆ. ಕೊನೇ ಅಂಕಿ ಬದುಕಿ ಉಳಿಯುವ ಅಂಕಿ. ಅಷ್ಟು ಚಳಿಯಲ್ಲಿ ಆರು ಗಂಟೆ ಹೊತ್ತು ಸಾಯದೆ ಇರಬಹುದು, ಕೈಕಾಲು ಹೆಪ್ಪುಗಟ್ಟಿದರೆ ಅದು ಬೇರೆ ಮಾತು. ಆ ಅಂಕಿಯನ್ನೇ ತೋರಿಸಿ ಬ್ಯಾಗ್ ಒಳ್ಳೆಯದು ಅನ್ನುವುದು ಎಂಥಾ ಧೈರ್ಯ! ಅದೂ ಹೊಸ ಬ್ಯಾಗ್ ಇದ್ದಾಗಿನ ಮಾತು. ಇದರ ಹತ್ತಿಯಂಥದ್ದೆಲ್ಲ ಮುದ್ದೆ ಕಟ್ಟಿ ಕಾಲಿನ ಕಡೆ ಸೇರಿತ್ತು. ಕೆಳಗೆ ಹಾಸಲು ಕೊಟ್ಟಿದ್ದ ಫೋಮ್ ಹಪ್ಪಳದ ಹಾಗಿತ್ತು. ನೆಲದ ಚಳಿ ನೇರ ಸೊಂಟಕ್ಕೆ.

ಗೆಳತಿಯರಲ್ಲಿ ಒಬ್ಬಳಿಗೆ ನಡುರಾತ್ರಿ ತಲೆನೋವು ಶುರುವಾಯಿತು, ಆಮೇಲೆ ವಾಂತಿ. ಹಟ್ ಬಾಗಿಲು ಬಡಿದೆ. ಕಾರ್ಯದರ್ಶಿ ಕಂಬಳಿ ಹೊದ್ದುಕೊಂಡೇ ಬಂದು, ‘ಪಿತ್ತ ಇರಬೇಕು ಮೇಡಂ, ನೀರು ಕುಡಿಸಿ’ ಅಂತ ಹೇಳಿ ಬಾಗಿಲು ಹಾಕಿದರು. ಬೆಳಕು ಹರಿದ ಕೂಡಲೇ ಒಬ್ಬ ಹಳೇ ಸದಸ್ಯರು, ಪುಣ್ಯಾತ್ಮರು, ಅವಳನ್ನು ಕರೆದುಕೊಂಡು ಕೆಳಗಿಳಿದರು. ಇಳಿಯುತ್ತಾ ಇಳಿಯುತ್ತಾ ಹುಷಾರಾದಳು. ಎತ್ತರದ ಕಾಯಿಲೆಗೆ ಮೊದಲ ಮದ್ದು ಇಳಿಯುವುದೇ.

ಅವರನ್ನು ಕಳಿಸಿ ಬಂದು ನಾನು ಹಟ್ ನೋಡಿಕೊಳ್ಳುವವರ ಹತ್ತಿರ ಹೋದೆ. ಜಗಳ ಆಡಲೆಂದೇ ಹೋದೆ. ‘ದುಡ್ಡು ಇಸ್ಕೊಂಡು ಕೊನೇ ಗಳಿಗೆಯಲ್ಲಿ ಹೀಗೆ ಮಾಡಬಹುದಾ ನೀವು?’ ಅಂದೆ. ಆ ಮನುಷ್ಯ ಏನೂ ಮಾತಾಡಲಿಲ್ಲ. ರಿಜಿಸ್ಟರ್ ತಂದು, ಎಂಜಲು ಬೆರಳಲ್ಲಿ ಹಾಳೆ ತಿರುವಿ, ನನ್ನ ಕಡೆ ತಿರುಗಿಸಿ ಇಟ್ಟರು.

ನಮ್ಮ ಕ್ಲಬ್ಬಿನ ಹೆಸರು. ಅದರ ಮುಂದೆ ನೀಲಿ ಪೆನ್ನಿನಲ್ಲಿ 34. ಅದಕ್ಕೆ ಅಡ್ಡಗೆರೆ. ಮೇಲೆ ಪೆನ್ಸಿಲಿನಲ್ಲಿ 12. ಪಕ್ಕದಲ್ಲಿ ‘ಫೋನಿನಲ್ಲಿ ಕಮ್ಮಿ ಮಾಡಿಸಿದ್ದಾರೆ’ ಅಂತ ಬರೆದು ತಾರೀಕು ಹಾಕಿತ್ತು. ನಾವು ಹೊರಡುವುದಕ್ಕೆ ಮೂರು ವಾರ ಮುಂಚಿನ ತಾರೀಕು.

ಅಲ್ಲೇ ನಿಂತು ಮೊಬೈಲ್ ತೆಗೆದು ಗುಂಪಿನ ಹಳೇ ಮೆಸೇಜ್ ಹುಡುಕಿದೆ. ಖಜಾಂಚಿಯದು: ‘ಹಟ್‌ನವರಿಗೆ ಪೂರ್ತಿ ದುಡ್ಡು ಕಟ್ಟಬೇಕು, ಇಲ್ಲದಿದ್ದರೆ ಹಾಸಿಗೆ ಹೋಗುತ್ತೆ, ಇವತ್ತೇ ಬಾಕಿ ಹಾಕಿ.’ ಈ ಮೆಸೇಜ್ ಬಂದದ್ದು ರಿಜಿಸ್ಟರಿನ ತಾರೀಕಿನ ಮಾರನೇ ದಿನ. ಹಾಸಿಗೆ ಹೋಗುತ್ತೆ ಅಂತ ಹೆದರಿಸಿ ದುಡ್ಡು ಕಟ್ಟಿಸಿಕೊಂಡಾಗ ಹಾಸಿಗೆಯನ್ನು ಅವರೇ ಬಿಟ್ಟುಕೊಟ್ಟಾಗಿತ್ತು. ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರಾದರೂ ಕೇಳಿ. ಇಲ್ಲದ ಹಾಸಿಗೆಗೆ ಆತುರ ಮಾಡಿಸಿ ಬಾಕಿ ಕಟ್ಟಿಸಿಕೊಂಡರು. ಅವತ್ತು ರಾತ್ರಿ ಊಟ ಅರ್ಧಕ್ಕೆ ಬಿಟ್ಟು ದುಡ್ಡು ಹಾಕಿದ್ದೆ. ನನ್ನದಲ್ಲದೆ ಆ ಇಬ್ಬರದ್ದೂ ನಾನೇ ಹಾಕಿದ್ದೆ, ಹಾಸಿಗೆ ತಪ್ಪಿಹೋದೀತು ಅಂತ.

ರಿಜಿಸ್ಟರಿನ ಆ ಹಾಳೆಯ ಫೋಟೋ ತೆಗೆದುಕೊಂಡು ಇಳಿದೆ. ಮನೆಗೆ ಬಂದು ಗುಂಪಿನಲ್ಲಿ ಹಾಕಿ ಒಂದೇ ಪ್ರಶ್ನೆ ಕೇಳಿದೆ: ಬಾಕಿ ಕೇಳಿದಾಗ 12 ಹಾಸಿಗೆ ಮಾತ್ರ ಇದೆ ಅಂತ ನಿಮಗೆ ಗೊತ್ತಿತ್ತಾ, ಇಲ್ವಾ?

ಮೊದಲು ಕೈಮುಗಿಯುವ ಚಿತ್ರ ಬಂತು. ಆಮೇಲೆ, ‘ಇದು ನೆನಪು ಹಂಚಿಕೊಳ್ಳುವ ಗುಂಪು, ಲೆಕ್ಕ ಗಿಕ್ಕ ಪರ್ಸನಲ್ ಆಗಿ ಮಾತಾಡೋಣ.’ ಹಿಂದೆಯೇ ಯಾರೋ ಸೂರ್ಯೋದಯದ ಫೋಟೋ ಸುರಿದರು. ನನ್ನ ಪ್ರಶ್ನೆ ಮೇಲೆ ಹೋಗಿ ಮುಚ್ಚಿಹೋಯಿತು.

ಪರ್ಸನಲ್ ಆಗಿ ಕೇಳಿದೆ. ಕಾರ್ಯದರ್ಶಿಯ ಉತ್ತರ: ‘ಮೇಡಂ, ಟೆಂಟಿನಲ್ಲಿ ಮಲಗೋ ಮಜಾನೇ ಬೇರೆ. ಜನ ಅದಕ್ಕೆ ಜಾಸ್ತಿ ದುಡ್ಡು ಕೊಡ್ತಾರೆ.’ ಹಾಗಾದರೆ ನೀವ್ಯಾಕೆ ಮಲಗಲಿಲ್ಲ ಸಾರ್ ಅಂದೆ. ‘ನನಗೆ ಬೆನ್ನುನೋವು.’

ಇನ್ಶೂರೆನ್ಸ್ ಪಾಲಿಸಿ ನಂಬರ್ ಕೊಡಿ ಅಂದೆ, ಗೆಳತಿಗೆ ಔಷಧಿ ಖರ್ಚಾಗಿದೆ. ಅದಕ್ಕೆ ಬಂದ ಉತ್ತರ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ: ‘ಇನ್ಶೂರೆನ್ಸ್ ಅಂದ್ರೆ ಅದೇ ಮೇಡಂ, ಬಸ್ ಹತ್ರ ಸಹಿ ಮಾಡಿದ್ರಲ್ಲ ಫಾರ್ಮ್.’ ನಮಗೇನಾದರೂ ಆದರೆ ಅವರು ಬಚಾವಾಗಲಿ ಅಂತ ಬರೆಸಿಕೊಂಡ ಹಾಳೆಗೆ ನಮ್ಮಿಂದಲೇ ದುಡ್ಡು!

ಕೊನೆಗೆ ಖಜಾಂಚಿಗೆ ಫೋನ್ ಮಾಡಿದೆ. 22 ಹಾಸಿಗೆಯ ದುಡ್ಡು, ಹಳ್ಳಿಯ ರಾತ್ರಿಯ ದುಡ್ಡು ಎಲ್ಲಿ? ‘ಕ್ಲಬ್ಬಿನ ನಿಧಿಗೆ ಹೋಗಿದೆ.’ ಲೆಕ್ಕ ತೋರಿಸಿ. ‘ಮಹಾಸಭೆಯಲ್ಲಿ ಪಾಸಾಗಿದೆಯಲ್ಲಮ್ಮ.’ ಯಾವ ಮಹಾಸಭೆ? ‘ಅದೇ, ಮೇಲೆ ಬೆಂಕಿ ಮುಂದೆ ಕೂತಾಗ ನಾನು ಓದಿದೆ, ಎಲ್ಲರೂ ಕೈ ಎತ್ತಿದ್ರಿ. ಫೋಟೋ ಇದೆ. ನೀವಂತೂ ಎರಡೂ ಕೈ ಎತ್ತಿದ್ದೀರಿ.’

ಫೋನ್ ಇಟ್ಟುಬಿಟ್ಟೆ. ಏನಂತ ಹೇಳಲಿ?

‘ನಾವೆಲ್ಲ ಒಂದೇ ಕುಟುಂಬ, ಇಷ್ಟು ಸಣ್ಣದಕ್ಕೆ ಯಾಕಮ್ಮ’ ಅಂತ ಅಧ್ಯಕ್ಷರಿಂದ ಒಂದು ವಾಯ್ಸ್ ಮೆಸೇಜ್ ಬಂತು. ಇನ್ನೊಮ್ಮೆ ಗುಂಪಿನಲ್ಲಿ ಕೇಳಿದೆ. ಅರ್ಧ ಗಂಟೆಯಲ್ಲಿ ನನ್ನನ್ನು ಗುಂಪಿನಿಂದ ತೆಗೆದರು. ಟೆಂಟಿನಲ್ಲಿ ಒಟ್ಟಿಗೆ ನಡುಗಿದ 22 ಜನರಲ್ಲಿ ಇಬ್ಬರು ಮಾತ್ರ ಆಮೇಲೆ ಫೋನ್ ಮಾಡಿದರು. ಅದರಲ್ಲೊಬ್ಬರು, ‘ನೀವು ಹೇಳಿದ್ದು ಸರಿ, ಆದರೆ ನನ್ನ ಹೆಸರು ತರಬೇಡಿ’ ಅಂದರು.

ಗೆಳತಿಯರ ದುಡ್ಡನ್ನು ನಾನೇ ವಾಪಸ್ ಕೊಡಲು ಹೋದೆ. ಒಬ್ಬಳು ತಗೊಂಡಳು. ವಾಂತಿ ಮಾಡಿಕೊಂಡು ಒದ್ದಾಡಿದವಳು ಬೇಡ ಅಂದಳು, ‘ನಿನ್ನ ತಪ್ಪೇನಿದೆ ಬಿಡೇ’ ಅಂದಳು. ಅದೇ ಜಾಸ್ತಿ ಚುಚ್ಚಿತು.

ಹಾಗಾಗಿ ನೀವು ಮಾಡಬೇಕಾದದ್ದು ಹೇಳುತ್ತೇನೆ. ಬಾಕಿ ಕಟ್ಟುವ ಮುಂಚೆ ಹಟ್‌ಗೆ ನೀವೇ ಫೋನ್ ಮಾಡಿ, ಕ್ಲಬ್ಬಿನ ಹೆಸರಲ್ಲಿ ಎಷ್ಟು ಹಾಸಿಗೆ ಇದೆ ಅಂತ ಕೇಳಿ. ಇನ್ಶೂರೆನ್ಸ್ ಅಂದರೆ ಪಾಲಿಸಿ ಕಾಗದ ಕೈಗೆ ಕೊಡಿ ಅನ್ನಿ. ಬ್ಯಾಗಿನ ಕಂಫರ್ಟ್ ಅಂಕಿ ಮಾತ್ರ ಕೇಳಿ, ಬೇರೆ ಅಂಕಿ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ದಾರಿಯಲ್ಲಿ ಪ್ಲಾನ್ ಬದಲಾಯಿಸಿ ಒಂದೇ ದಿನ ಮೇಲೆ ಹತ್ತಿಸುತ್ತೇವೆ ಅಂದರೆ ಹಳ್ಳಿಯಲ್ಲೇ ಇಳಿದುಬಿಡಿ, ಯಾರು ಏನಾದರೂ ಅಂದುಕೊಳ್ಳಲಿ. ಬೆಂಕಿ ಮುಂದೆ ಯಾರಾದರೂ ‘ಕೈ ಎತ್ತಿ’ ಅಂದರೆ ಯಾಕೆ ಅಂತ ಕೇಳಿ. ಕುಟುಂಬ ಅನ್ನುವ ಮಾತು ಬಂತೋ, ಪರ್ಸ್ ಜೇಬಿಗೆ ಹೋಗಲಿ.

ಇಷ್ಟು ದಿನ ಸುಮ್ನಿದ್ದೆ. ನಿನ್ನೆ ಒಬ್ಬರು ಮುಂದಿನ ಸಮ್ಮಿಲನದ ನೋಟಿಸ್ ಕಳಿಸಿದರು. ಅದೇ ಕಾರ್ಯದರ್ಶಿ, ಅದೇ ಖಜಾಂಚಿ, ಅದೇ ಹಟ್. ಮತ್ತೆ ದಪ್ಪ ಅಕ್ಷರದಲ್ಲಿ ‘ಎಲ್ಲರಿಗೂ ಹಾಸಿಗೆ’. ಮೇಲೆ ನಾವು ಕೈ ಎತ್ತಿದ ಫೋಟೋ ಹಾಕಿದ್ದಾರೆ, ನನ್ನ ಮುಖ ಚೆನ್ನಾಗಿ ಕಾಣುತ್ತಿದೆ. ಅದನ್ನು ತೆಗೆಯಿರಿ ಅಂತ ಮೆಸೇಜ್ ಹಾಕಿದ್ದೇನೆ. ನೋಡಿದ್ದಾರೆ, ಉತ್ತರ ಇಲ್ಲ.